ಕೊಟ್ಟ ಮನೆಯ ಅನ್ನ

ಕಾಗದ ರದ್ದು ಮಾಡಿಸಿಕೊಡಿ ಎಂದು ನನ್ನ ಕಚೇರಿಗೆ ಬರುವವರಿಗೆ ಲೆಕ್ಕವಿಲ್ಲ. ರದ್ದಾಗಲೇಬಾರದ ಕಾಗದ ಬೇಕು ಎಂದು ಬಂದವಳು ಅವಳೊಬ್ಬಳೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಾರವಾರದ ಕೋರ್ಟಿನ ಹತ್ತಿರದ ಓಣಿಯಲ್ಲಿ ನನ್ನ ಕಚೇರಿ. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಖಾಲಿ ಮೀನುಬುಟ್ಟಿಯನ್ನು ಬಾಗಿಲ ಹೊರಗೆ ಕವುಚಿ ಹಾಕಿ ಒಳಗೆ ಬಂದಳು. ಕೂತುಕೊಳ್ಳಿ ಎನ್ನುವ ಮೊದಲೇ ಕೂತಳು. ಅರವತ್ತು ದಾಟಿದ ಹೆಂಗಸು, ಮನೆಮನೆಗೆ ಮೀನು ಹೊತ್ತು ಮಾರುವವಳು.

"ನಂದೊಂದು ಮನೆ ಅದೆ. ಅದನ್ನ ನಾನೇ ಕೊಡ್ತೆ ಅಂದ್ರೂ ಯಾರಿಗೂ ಕೊಡೂಕಾಗಬಾರ್ದು. ಹಂಗೊಂದು ಕಾಗದ ಮಾಡಿ."

ಆ ದಿನ ಬೆಳಿಗ್ಗೆಯಷ್ಟೇ ಒಂದು ತಡೆಯಾಜ್ಞೆ ಕೈತಪ್ಪಿ ಹೋಗಿತ್ತು. ಹೊಟ್ಟೆ ಹಸಿದಿತ್ತು. "ಅಂಥ ಕಾಗದ ಇಲ್ಲ" ಎಂದೆ.

"ಇಲ್ದೇ ಇದ್ರೆ ನೀವು ವಕೀಲ್ಕಿ ಎಂತಕೆ ಕಲ್ತದ್ದು?"

ನಮ್ಮ ಪರಿಚಯ ಆದದ್ದು ಹೀಗೆ. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೆಯೇ ಕರೆಯುತ್ತೇನೆ. ಆದರೆ ಅಕ್ಕತಂಗಿಯರ ಹಾಗೆ ನಾವು ಒಂದು ದಿನವೂ ಮಾತಾಡಲಿಲ್ಲ. ಅವಳಿಗೆ ವಕೀಲರೆಂದರೆ ಆಗುತ್ತಿರಲಿಲ್ಲ. ಚೆಂಡಿಯಾದ ಕಡಲ ಬದಿಯಲ್ಲಿದ್ದ ಅವಳ ಗಂಡನ ಮನೆ ನೌಕಾನೆಲೆಗೆ ಹೋಗಿತ್ತು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಅಷ್ಟರಲ್ಲಿ ಗಂಡನೂ ತೀರಿಹೋಗಿ, ಕೊನೆಗೆ ಅವನ ಪಾಲಿನ ಪರಿಹಾರ ಬೇರೆಯಾಗಿ ಇವಳ ಹೆಸರಿಗೆ ಬಂತು. ಅದರಲ್ಲಿ ಅವರ್ಸೆಯ ಹೆದ್ದಾರಿ ಬದಿ ಜಾಗೆ ಕೊಂಡು, ಹಿಂದೆ ಮನೆ, ಮುಂದೆ ಎರಡು ಅಂಗಡಿ ಕೋಣೆ ಕಟ್ಟಿಸಿದ್ದಳು. ಒಂದರಲ್ಲಿ ಸೈಕಲ್ ರಿಪೇರಿಯವನು, ಇನ್ನೊಂದರಲ್ಲಿ ದರ್ಜಿ ಬಾಡಿಗೆಗಿದ್ದರು. ಮಕ್ಕಳಿಲ್ಲ. ತಂಗಿಯ ಮಗಳು ಅವಳ ಜೊತೆಗಿದ್ದಳು. ಅವಳು ಕಾರವಾರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಗಂಡ ಗೋವೆಯ ಬೋಟಿನಲ್ಲಿ. ಮಡಿಲಲ್ಲೊಂದು ಹೆಣ್ಣು ಕೂಸು.

ಅಕ್ಕನಿಗೆ ಮರೆವು ಶುರುವಾಗಿತ್ತು. ತಿರುಗಾಡಿದ ಬೀದಿಯಲ್ಲೇ ದಾರಿ ತಪ್ಪುತ್ತಿತ್ತು. ಒಮ್ಮೆ ತುಂಬಿದ ಬುಟ್ಟಿಯನ್ನೇ ಯಾರದೋ ಅಂಗಳದಲ್ಲಿ ಬಿಟ್ಟು ಬರಿಗೈಲಿ ಮನೆಗೆ ಬಂದಿದ್ದಳು. ಇದು ಹೆಚ್ಚುತ್ತ ಹೋಗುವ ಕಾಯಿಲೆ, ಮುಂದೆ ಒಬ್ಬರು ಸದಾ ಜೊತೆಗಿರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

"ನಮ್ಮವ್ವಿಗೂ ಇದೇ ಆಗಿತ್ತು. ಕಡೀಗೆ ಯಾರು ಬಂದು ಏನು ಕೇಳಿದ್ರೂ ಹೆಬ್ಬೆಟ್ಟು ಒತ್ತೂದು. ಜಾಗೆ ಹೋಯ್ತು, ಮನೆ ಹೋಯ್ತು. ಬಲೆ ಇಡೂ ಚಪ್ಪರದಲ್ಲಿ ಸತ್ತೋಯ್ತು. ನಾನು ಹೋಗೂವಾಗ ಪಕ್ಕದಲ್ಲಿ ನಾಯಿ ಮಲಗಿತ್ತು, ಜನ ಇರ್ಲಿಲ್ಲ. ನಾನು ಒಳಗೆ ಸಾಯ್ಬೇಕು. ನನ್ನ ಮನೆ ಒಳಗೆ" ಎಂದಳು.

ಡಬ್ಬಿಯನ್ನು ಮುಚ್ಚಿಟ್ಟು ಕಾಗದ ತೆಗೆದುಕೊಂಡೆ.

ಇಂಥ ಸಂದರ್ಭದಲ್ಲಿ ಜನ ಕೇಳಿಕೊಂಡು ಬರುವ ದಾರಿಗಳೆಲ್ಲ ಕುರುಡು ದಾರಿಗಳು. ಮೃತ್ಯುಪತ್ರ ಜೀವ ಹೋದ ಮೇಲೆ ಬಾಯಿ ಬಿಡುವಂಥದ್ದು. ಬದುಕಿರುವಾಗ ಗಂಜಿ ಹಾಕುವುದಿಲ್ಲ. ಬಕ್ಷೀಸ್ ಪತ್ರ ಮಾಡಿ ತಂಗಿಯ ಮಗಳಿಗೆ ಕೊಟ್ಟರೆ ಆಮೇಲೆ ಎಲ್ಲ ಅವಳ ಮರ್ಜಿ. ಅವಳು ಒಳ್ಳೆಯವಳೇ. ಆದರೆ ಒಳ್ಳೆಯವಳ ಗಂಡನಿಗೆ ನಾಳೆ ಸಾಲವಾದರೆ ಮನೆಯ ಮೇಲೆ ಜಪ್ತಿ ಬರುತ್ತದೆ. ತನ್ನ ಪರವಾಗಿ ಇನ್ನೊಬ್ಬರು ವ್ಯವಹರಿಸಲಿ ಎಂದು ಬರೆದುಕೊಡುವ ಮುಖ್ತಿಯಾರ್ ಪತ್ರವನ್ನು ಎಲ್ಲರೂ ರಾಮಬಾಣ ಎಂದುಕೊಂಡಿದ್ದಾರೆ. ಕೊಟ್ಟವರ ಬುದ್ಧಿ ಹೋದ ದಿನ ಅದರ ಜೀವವೂ ಹೋಗುತ್ತದೆ ಎನ್ನುವುದು ಯಾರಿಗೂ ಬೇಡ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು.

ಉಳಿದದ್ದು ಟ್ರಸ್ಟ್. ಮನೆ ಮತ್ತು ಅಂಗಡಿಗಳನ್ನು ಒಬ್ಬ ಟ್ರಸ್ಟಿಯ ಹೆಸರಿಗೆ ಬಿಟ್ಟುಕೊಡುವುದು. ಅವನು ಒಡೆಯನಲ್ಲ, ಕಾವಲುಗಾರ. ಬಾಡಿಗೆ ಬಂದದ್ದು ಮೊದಲು ಅಕ್ಕನ ಊಟಕ್ಕೆ, ಔಷಧಕ್ಕೆ, ನೋಡಿಕೊಳ್ಳುವವರ ಸಂಬಳಕ್ಕೆ. ಕೊನೆಯುಸಿರಿನತನಕ ಆ ಮನೆಯಲ್ಲಿ ಇರುವ ಹಕ್ಕು ಅವಳದು. ಅವಳು ಇರುವತನಕ ಮಾರಾಟವಿಲ್ಲ, ಅಡವು ಇಲ್ಲ. ಹಿಂಪಡೆಯುವ ಅಧಿಕಾರವನ್ನು ಅವಳು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ, ಬುದ್ಧಿ ಹೋದ ಮೇಲೆ ಪಕ್ಕದಲ್ಲಿ ಕೂತವನು ಅದನ್ನು ಅವಳ ಕೈಯಿಂದಲೇ ಚಲಾಯಿಸುತ್ತಾನೆ.

ಆದರೂ ಒಂದು ಕಿಂಡಿ ಉಳಿಯುತ್ತಿತ್ತು. ಫಲಾನುಭವಿಗಳೆಲ್ಲ ವಯಸ್ಕರಾಗಿದ್ದು ಎಲ್ಲರೂ ಒಪ್ಪಿದರೆ ಟ್ರಸ್ಟನ್ನು ಮುರಿಯಬಹುದು. ಅಕ್ಕ ಒಬ್ಬಳೇ ಫಲಾನುಭವಿಯಾದರೆ ಅವಳ ಹೆಬ್ಬೆಟ್ಟೇ ಸಾಕು. ಇದಕ್ಕೆ ಮದ್ದು ಆಯಾಳ ಮಡಿಲಲ್ಲಿ ಬೆರಳು ಚೀಪುತ್ತ ಮಲಗಿತ್ತು. ಅಕ್ಕನ ನಂತರ ಆಸ್ತಿ ಆ ಕೂಸಿಗೆ ಎಂದು ಬರೆದೆ. ಕೂಸು ಬೆಳೆದು ವಯಸ್ಸಿಗೆ ಬರುವತನಕ ಒಪ್ಪಿಗೆ ಕೊಡಲು ಅದಕ್ಕೆ ಸಾಧ್ಯವಿಲ್ಲ, ಅದರ ಪರವಾಗಿ ಇನ್ನೊಬ್ಬರು ಕೊಡಲೂ ಆಗುವುದಿಲ್ಲ. ಇಷ್ಟನ್ನು ವಿವರಿಸಿದಾಗ ಅಕ್ಕ ಮೊದಲ ಸಲ ನನ್ನತ್ತ ಸ್ವಲ್ಪ ಮರ್ಯಾದೆಯಿಂದ ನೋಡಿದಳು. "ಹಾಂ, ಈಗ ಕಲ್ತದ್ದು ಉಪಯೋಗಕ್ಕೆ ಬಂತು" ಎಂದಳು.

ಟ್ರಸ್ಟಿಯಾಗಲು ಒಪ್ಪಿದವರು ಅಂಕೋಲೆಯ ಒಬ್ಬ ನಿವೃತ್ತ ಮಾಸ್ತರರು. ಕೃಷಿಕ ಮನೆತನ, ಮಾತಿಗೆ ತಪ್ಪದವರೆಂದು ಹೆಸರು. ಅಕ್ಕ ಅವರ ಮನೆಗೆ ಮೂವತ್ತು ವರ್ಷ ಮೀನು ಹಾಕಿದವಳು. ಕರಡು ಓದಿ ಅವರು ಎರಡು ಕಡೆ ಕಾಗುಣಿತ ತಿದ್ದಿ, ಸಹಿ ಹಾಕುತ್ತೇನೆ ಎಂದರು.

ಇನ್ನು ಭಾವನ ಮಗ. ಅಕ್ಕನ ಗಂಡನ ಅಣ್ಣನ ಮಗ, ಹಾರವಾಡದಲ್ಲಿ ಬೋಟು ಇಟ್ಟುಕೊಂಡವನು. ಅವರ್ಸೆಯ ಜಾಗೆಯನ್ನು ಅಡವಿಟ್ಟು ದೊಡ್ಡ ಬೋಟು ಹಾಕಬೇಕೆಂದು ಅವನ ಲೆಕ್ಕಾಚಾರ. ಚಿಕ್ಕಿ ಚಿಕ್ಕಿ ಎನ್ನುತ್ತ ಬಂದು ಚಹಾ ಕುಡಿದು ಹೋಗುತ್ತಿದ್ದವನಿಗೆ ವಿಷಯ ಯಾರಿಂದಲೋ ತಿಳಿಯಿತು. ನಾವು ನೋಂದಣಿ ಕಚೇರಿಗೆ ಹೋದ ದಿನ ಅವನ ತಕರಾರು ಅರ್ಜಿ ನಮಗಿಂತ ಮೊದಲೇ ಮೇಜಿನ ಮೇಲಿತ್ತು. ಪರಿಹಾರ ಕೂಡುಕುಟುಂಬದ್ದು, ಹಾಗಾಗಿ ಮನೆಯೂ ಕೂಡುಕುಟುಂಬದ್ದು ಎಂದು ಅದರ ಸಾರ.

ಅಧಿಕಾರಿ ನಮ್ಮ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದರು. "ಟ್ರಸ್ಟ್ ಅಂದ್ರೆ ಯಾವ್ದು? ದೇವಸ್ಥಾನದ್ದಾ, ಶಾಲೆದಾ?"

"ಒಬ್ಬ ಹೆಂಗಸಿನದು" ಎಂದೆ.

"ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇಲ್ಲ, ಮೇಡಂ." ಆಗಷ್ಟೇ ನೋಂದಣಿಯೆಲ್ಲ ಕಂಪ್ಯೂಟರಿಗೆ ಬಂದ ಕಾಲ. ಮೇಲಿನವರನ್ನು ಕೇಳಿ ಹೇಳುತ್ತೇನೆ, ಇನ್ನೊಮ್ಮೆ ಬನ್ನಿ ಎಂದು ಕಳಿಸಿದರು. ಬಸ್ ನಿಲ್ದಾಣದತನಕ ಅಕ್ಕ ನನ್ನನ್ನೇ ಬೈದಳು. ಅಧಿಕಾರಿಯನ್ನು ಬೈಯಲು ಧೈರ್ಯವಿಲ್ಲದವರು ವಕೀಲರನ್ನು ಬೈಯುವುದು ಈ ವೃತ್ತಿಯಲ್ಲಿ ಮಾಮೂಲು. ನಾನೂ ತಿರುಗಿ ಬೈದೆ.

ಮುಂದಿನ ಸಲ ಸಿದ್ಧವಾಗಿ ಹೋದೆ. ಗಂಡನ ಪಾಲು ಬೇರೆ ಮಾಡಿದ ಕೋರ್ಟಿನ ಆದೇಶ, ಅವಳೊಬ್ಬಳ ಹೆಸರಿನ ಕ್ರಯಪತ್ರ, ಅವಳು ಏನು ಮಾಡುತ್ತಿದ್ದಾಳೆಂದು ಅವಳಿಗೆ ತಿಳಿದಿದೆ ಎಂಬ ಡಾಕ್ಟರ ದೃಢೀಕರಣ. ಜೊತೆಗೆ, ಆಸ್ತಿ ಯಾರದ್ದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ, ನೋಂದಣಿ ಅಧಿಕಾರಿಯದಲ್ಲ ಎಂಬ ಬರಹ. ಅಧಿಕಾರಿ ಎಲ್ಲ ಓದಿದರು. ಮೇಲಿನಿಂದ ಅವರಿಗೆ ಉತ್ತರವೂ ಬಂದಿತ್ತು. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, "ಇದನ್ನ ಮತ್ತೆ ವಾಪಸ್ ತಗೊಳ್ಳಿಕ್ಕಾಗುದಿಲ್ಲ, ಗೊತ್ತುಂಟಾ?" ಎಂದು ಕೇಳಿದರು.

"ಚೆಂಡಿಯಾದ ಮನೆ ಸರ್ಕಾರ ತೆಕಂಡಿತಲ್ಲ, ವಾಪಸ್ ಕೊಟ್ಟದ್ಯಾ? ಹಂಗೇಯ ಇದೂ" ಎಂದಳು ಅಕ್ಕ. "ಈ ಸಲ ನನ್ನ ಹತ್ರ ನಾನೇ ತೆಕಂಡೆ, ಅಷ್ಟೇಯ."

ಅಧಿಕಾರಿ ಬೇರೆ ಪ್ರಶ್ನೆ ಕೇಳಲಿಲ್ಲ. ಹೆಬ್ಬೆರಳಿನ ಯಂತ್ರ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಉಪ್ಪು, ಐಸು, ಮೀನಿನ ಪೊರೆ ತಿಂದು ಅವಳ ಬೆರಳಿನ ಗೆರೆಗಳೇ ಸವೆದಿದ್ದವು. ಒರೆಸಿ, ಒತ್ತಿ, ಮತ್ತೆ ಒರೆಸಿ, ಮತ್ತೆ ಒತ್ತಿ, ಗುಮಾಸ್ತ ಬೇಸತ್ತು ಚಹಾಕ್ಕೆ ಹೋಗುವ ಹೊತ್ತಿಗೆ ಯಂತ್ರ ಒಪ್ಪಿಕೊಂಡಿತು.

ಹೊರಗೆ ಭಾವನ ಮಗ ನಿಂತಿದ್ದ. "ಮೇಡಂ, ನಮ್ಮ ಮನೆ ಒಡ್ದ್ರಿ. ಇದಕ್ಕೆ ನೀವು ಉತ್ತರ ಹೇಳ್ಬೇಕಾತದೆ."

"ಕೋರ್ಟಿನಲ್ಲಿ ಕೇಳಿ, ಹೇಳ್ತೇನೆ" ಎಂದು ರಿಕ್ಷಾ ಹತ್ತಿದೆ. ಗೆದ್ದೆ ಎಂದುಕೊಂಡಿದ್ದೆ. ಆ ವಾರವೆಲ್ಲ ನನ್ನ ನಡಿಗೆಯಲ್ಲೇ ಜಂಬವಿತ್ತು.

ಆಮೇಲೆ ಆಯಾಳ ಫೋನು ಬಂತು. ದೊಡ್ಡವ್ವಿ ಮನೆಯಲ್ಲಿ ಊಟ ಬಿಟ್ಟಿದ್ದಾಳೆ, ನೀರು ಸಹ ಮುಟ್ಟುವುದಿಲ್ಲ, ಇವತ್ತು ಚಾಪೆ ಸುತ್ತಿಕೊಂಡು ಹಾರವಾಡಕ್ಕೆ ಹೋಗಿ ಭಾವನ ಮಗನ ಬಲೆಯ ಚಪ್ಪರದಲ್ಲಿ ಕೂತಿದ್ದಾಳೆ ಎಂದಳು. ಬಲೆಯ ಚಪ್ಪರವೇ ಎಂದು ಇನ್ನೊಮ್ಮೆ ಕೇಳಿದೆ. ಅದನ್ನು ತಪ್ಪಿಸುವುದಕ್ಕಲ್ಲವೇ ಇಷ್ಟೆಲ್ಲ ಮಾಡಿದ್ದು? ಯಾರೂ ದಬ್ಬಲಿಲ್ಲ, ಯಾರೂ ಮೋಸ ಮಾಡಲಿಲ್ಲ. ತಾನೇ ನಡೆದು ಹೋಗಿ ಕೂತಿದ್ದಳು.

ಕಾರಣ ಮಾಸ್ತರರ ಜಗಲಿಯಲ್ಲಿ ಗೊತ್ತಾಯಿತು. ನೋಂದಣಿಯ ಮರುದಿನ ಅವರು ಅವರ್ಸೆಗೆ ಹೋಗಿದ್ದರು. ಬರೀ ಸರಕಾರಿ ಕಾಗದದಿಂದ ಒಬ್ಬರ ಮನೆಯನ್ನು ತನ್ನ ಹೆಸರಿಗೆ ತೆಗೆದುಕೊಳ್ಳುವುದು ಅವರ ಮನಸ್ಸಿಗೆ ಸರಿಬಂದಿರಲಿಲ್ಲ. ಅದಕ್ಕೆ ತುಳಸಿಯ ಮುಂದೆ ನಿಂತು, ಅಕ್ಕನ ಕೈಯಿಂದ ತನ್ನ ಅಂಗೈಗೆ ತುಳಸಿದಳದ ಮೇಲೆ ನೀರು ಬಿಡಿಸಿಕೊಂಡಿದ್ದರು. ಶಾಸ್ತ್ರೋಕ್ತವಾಗಿ ಧಾರೆ ಎರೆಸಿಕೊಂಡಿದ್ದರು.

"ತಪ್ಪೇನಾಯ್ತು? ದಾನ ಗಟ್ಟಿ ಆಯ್ತಲ್ಲ" ಎಂದರು ಮಾಸ್ತರರು.

ಗಟ್ಟಿಯಾದದ್ದೇ ಕುತ್ತಾಗಿತ್ತು. ಅಕ್ಕನ ಜನರಲ್ಲಿ ಮಗಳನ್ನು ಧಾರೆ ಎರೆದುಕೊಟ್ಟ ತಂದೆತಾಯಿ ಮಗಳ ಮನೆಯಲ್ಲಿ ಉಣ್ಣುವುದಿಲ್ಲ. ಕೊಟ್ಟದ್ದರ ಅನ್ನ ತಿಂದರೆ ಕೊಟ್ಟ ಪುಣ್ಯ ಹೋಗುತ್ತದೆ, ಮೇಲಿಂದ ಪಾಪ ಬರುತ್ತದೆ. ಮಗಳಿಗೊಂದು ಮಗು ಹುಟ್ಟಿದ ಮೇಲೆ ಆ ಕಟ್ಟು ಸಡಿಲುತ್ತದೆ. ಕಾಗದವನ್ನು ಅಕ್ಕ ಕಾಗದವೆಂದೇ ತಿಳಿದಿದ್ದಳು. ನೀರು ಬಿದ್ದ ಮೇಲೆ ಅದು ದಾನವಾಯಿತು. ಮಾಸ್ತರರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಅವರ ಎದುರೇ ಹೇಳಿಬಿಟ್ಟೆ. ಅವರ ಹೆಂಡತಿ ತಂದಿಟ್ಟ ಕಷಾಯ ಮುಟ್ಟದೆ ಎದ್ದೆ.

ಅಲ್ಲಿಂದ ಹಾರವಾಡಕ್ಕೆ ಹೋಗಿ ಚಪ್ಪರದ ಬಾಯಲ್ಲಿ ನಿಂತು ಕಾನೂನು ಹೇಳಿದೆ. ಮನೆಯಲ್ಲಿ ಇರುವ ಹಕ್ಕು, ಉಣ್ಣುವ ಹಕ್ಕು ನೀವು ಕೊಟ್ಟೇ ಇಲ್ಲ, ಅದನ್ನು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟಿದ್ದೀರಿ ಎಂದೆ.

"ನೀರು ಬಿಟ್ಟ ಮೇಲೆ ಇಟ್ಕಂಡದ್ದು ಎಂತದು?" ಎಂದಳು. "ಮಗಳನ್ನ ಕೊಟ್ಟು ಮಗಳ ಕೈ ಇಟ್ಕಂಬೂದು ಅದ್ಯಾ?"

"ಮಗು ಹುಟ್ಟಿದ ಮೇಲೆ ಉಣ್ಣಬಹುದಲ್ಲ?"

"ಮಗಳಾದ್ರೆ ಹುಟ್ತದೆ. ಮನೆಗೆ ಎಂತ ಮಗು ಹುಟ್ತದೆ, ವಕೀಲಮ್ಮ?"

ಅವಳು ಮರೆವಿನಿಂದ ಹೀಗೆ ಮಾಡಿದ್ದರೆ ಡಾಕ್ಟರಿಗೆ ಹೇಳಬಹುದಿತ್ತು. ಅವಳ ತಲೆ ಅಂದು ನನ್ನ ತಲೆಗಿಂತ ಚುರುಕಾಗಿತ್ತು.

ಭಾವನ ಮಗನಿಗೆ ಹಬ್ಬ. ಎರಡು ಹೊತ್ತೂ ಮನೆಯಿಂದ ಚಪ್ಪರಕ್ಕೆ ಊಟ ಕಳಿಸಿದ. ವಕೀಲಿತಿ ನಮ್ಮ ಚಿಕ್ಕಿಯನ್ನು ಬೀದಿಗೆ ಹಾಕಿದಳು ಎಂದು ಅಂಕೋಲೆಯ ಮೀನುಪೇಟೆಯಲ್ಲಿ ಸಾರಿದ. ನಾನು ಮೀನು ಕೊಳ್ಳಲು ಹೋದರೆ ಹೆಂಗಸರು ಮುಖ ತಿರುಗಿಸಿದರು. ಸ್ವಲ್ಪ ದಿನಕ್ಕೆ ಅವನ ವಕೀಲರ ನೋಟಿಸು ಬಂತು. ಸಹಿ ಮಾಡುವಾಗ ಅಕ್ಕನ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಅದಕ್ಕೇ ಈಗ ಬೀದಿಗೆ ಬಿದ್ದಿದ್ದಾಳೆ, ಟ್ರಸ್ಟ್ ಸಿಂಧುವಲ್ಲ, ಮಾಸ್ತರರು ಒಪ್ಪಿ ಬಿಟ್ಟುಕೊಡಬೇಕು, ಇಲ್ಲವಾದರೆ ದಾವೆ. ಕಡೆಯ ಸಾಲಿನಲ್ಲಿ ಅವನ ಹೊಟ್ಟೆಯೊಳಗಿನದು ಹೊರಬಿದ್ದಿತ್ತು: ಅಕ್ಕನಿಗೂ ಅವಳ ಆಸ್ತಿಗೂ ತನ್ನನ್ನು ಪಾಲಕನಾಗಿ ನೇಮಿಸಬೇಕು.

ಮಾಸ್ತರರು ನೋಟಿಸು ಹಿಡಿದುಕೊಂಡು ಬಂದರು. "ನನಗೆ ಕೋರ್ಟು ಗೀರ್ಟು ಆಗೂದಿಲ್ಲ. ಬಿಟ್ಟುಕೊಡ್ತೇನೆ ಅಂತ ಬರ್ಕೊಡ್ತೆ. ಧಾರೆ ಎರೆಸ್ಕಂಡ ಪಾಪ ನನ್ನ ತಲೆಗೆ ಬೇಡ."

"ಬರೆದುಕೊಟ್ಟರೆ ಅಕ್ಕನಿಗೆ ಹುಚ್ಚು ಅಂತ ನೀವೇ ಒಪ್ಪಿಕೊಂಡ ಹಾಗೆ. ಆ ಪಾಪ ಯಾರ ತಲೆಗೆ?" ಎಂದೆ. ಅವರು ಎರಡು ದಿನ ಸಮಯ ಕೇಳಿದರು.

ಆ ಎರಡು ದಿನದೊಳಗೇ ಭಾವನ ಮಗ ಅಕ್ಕನನ್ನು ನನ್ನ ಕಚೇರಿಗೆ ಕರೆತಂದ. ಜೊತೆಗೆ ಮೂರ್ನಾಲ್ಕು ಜನ ಬೋಟಿನವರು, ಬಾಗಿಲು ಕಟ್ಟಿ ನಿಂತರು. ಅಕ್ಕ ಸೊರಗಿದ್ದಳು. ಕುರ್ಚಿಯಲ್ಲಿ ಕೂರಲಿಲ್ಲ.

"ನನ್ನ ಮನೆ ನಂಗೆ ವಾಪಸ್ ಮಾಡಿ" ಎಂದಳು. "ವಾಪಸ್ ಬಂದ್ರೆ ದಾನ ಅಲ್ಲ. ಆಗ ಹೋಗಿ ಉಣ್ತೆ."

"ವಾಪಸ್ ಆಗಬೇಕಾದರೆ ಒಂದೇ ದಾರಿ. ನಿಮಗೆ ಆವತ್ತೇ ತಲೆ ಸರಿ ಇರಲಿಲ್ಲ ಅಂತ ಕೋರ್ಟು ಹೇಳಬೇಕು."

"ಹೇಳ್ಲಿ."

"ಹೇಳಿದರೆ ಮನೆ ನಿಮ್ಮ ಕೈಗೆ ಬರುವುದಿಲ್ಲ. ಇವನ ಕೈಗೆ ಹೋಗುತ್ತದೆ. ಈ ನೋಟಿಸಿನಲ್ಲೇ ಬರೆದಿದ್ದಾನೆ."

"ಅದು ಕೋರ್ಟಿನ ಭಾಷೆ, ಚಿಕ್ಕಿ" ಎಂದ ಅವನು. "ಅವ್ರು ಹೆದರ್ಸ್ತ್ರು."

ಅಕ್ಕ ಅವನ ಕಡೆ ನೋಡಲಿಲ್ಲ. "ಇವ್ನ ಕೈಗಾದ್ರೂ ಹೋಗ್ಲಿ. ಕೊಟ್ಟದ್ದರ ಕೂಳು ತಿಂದು ನರಕಕ್ಕೆ ಹೋಗೂಕಿಂತ ಅಡ್ಡಿಲ್ಲ. ನೀವು ಆ ಮಾಸ್ತರಿಗೆ ಹೇಳಿ, ಬರ್ಕೊಡ್ಲಿ."

ನಾನು ಹೇಳಿದ್ದರೆ ಮಾಸ್ತರರು ಆ ಸಂಜೆಯೇ ಬರೆದುಕೊಡುತ್ತಿದ್ದರು. ನನ್ನ ತಲೆನೋವೂ ಮುಗಿಯುತ್ತಿತ್ತು. ಕಕ್ಷಿದಾರಳೇ ಎದುರು ನಿಂತು ಕೇಳುವಾಗ ಮಾಡುವುದಿಲ್ಲ ಎನ್ನಲು ವಕೀಲರಿಗೆ ಯಾವ ಹಕ್ಕಿದೆ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನಾನು ಕೆಲಸ ಮಾಡಿಕೊಟ್ಟದ್ದು ಮೊದಲ ದಿನ ಬಂದು ಕೂತವಳಿಗೆ. ಅವಳು ಇನ್ನೂ ಆ ಹೆಂಗಸಿನೊಳಗೇ ಎಲ್ಲೋ ಇದ್ದಳು. ಇಬ್ಬರಲ್ಲಿ ಒಬ್ಬಳನ್ನು ಆರಿಸಬೇಕಿತ್ತು.

"ಆಗುವುದಿಲ್ಲ, ಅಕ್ಕಾ. ನಾನು ಹೇಳುವುದಿಲ್ಲ. ಮಾಸ್ತರರು ಬರೆದುಕೊಡಲು ಬಿಡುವುದೂ ಇಲ್ಲ" ಎಂದೆ.

ಅವಳು ಮೊದಲು ಕೊಂಕಣಿಯಲ್ಲಿ ಬೈದಳು, ಆಮೇಲೆ ನನಗೆ ಸರಿಯಾಗಿ ಅರ್ಥವಾಗಲಿ ಎಂದು ಕನ್ನಡದಲ್ಲಿ. "ನೀನು ಉಣ್ಣೂ ಅನ್ನ ಮಣ್ಣಾಗ್ಲಿ. ನಿನ್ನ ಒಲೆಯಲ್ಲಿ ಬೆಕ್ಕು ಮಲಗ್ಲಿ." ಇಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಬೋಟಿನವರು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ. ಭಯಕ್ಕೂ ಅತ್ತೆ, ಸಿಟ್ಟಿಗೂ ಅತ್ತೆ. ಒಳ್ಳೆಯದು ಮಾಡಲು ಹೋಗಿ ಶಾಪ ತಿನ್ನುವ ಈ ಕಸುಬೇ ಬೇಡ ಎನ್ನಿಸಿತು.

ಮರುದಿನ ನೋಟಿಸಿಗೆ ಉತ್ತರ ಬರೆಯಲು ಕೂತೆ. ಡಾಕ್ಟರ ಪತ್ರ, ಅಧಿಕಾರಿಯ ಎದುರು ಅವಳು ಕೊಟ್ಟ ಉತ್ತರ ಎಲ್ಲ ನಮ್ಮ ಕಡೆಗಿತ್ತು. ಆದರೆ ದಾವೆಯನ್ನು ಗೆದ್ದರೂ ಅವಳು ಚಪ್ಪರದಲ್ಲೇ ಸಾಯುತ್ತಾಳೆ. ಕಾನೂನಿನಲ್ಲಿ ಇದಕ್ಕೆ ಮದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಕಡತ ಮುಚ್ಚಿದೆ. ನನ್ನ ತವರು ಅಂಕೋಲೆಯ ಹತ್ತಿರದ ಹಳ್ಳಿ. ಮೀನಿನವರು ಅಂಗಳಕ್ಕೆ ಬಂದರೆ ನಮ್ಮವ್ವಿ ದುಡ್ಡು ಕೊಟ್ಟದ್ದು ನಾನು ನೋಡಿಲ್ಲ. ಒಳಗಿಂದ ಸಿದ್ದೆ ತಂದು ಅಕ್ಕಿ ಅಳೆಯುತ್ತಿದ್ದಳು. ಒಂದು ಸಿದ್ದೆಗೆ ಇಷ್ಟು ಬಂಗಡೆ ಎಂದು ಜಗಳ ಆಗುತ್ತಿತ್ತು. ಅಕ್ಕಿ ತೆಗೆದುಕೊಂಡವಳನ್ನು ಯಾರೂ ದಾನ ತಿಂದವಳು ಎನ್ನುತ್ತಿರಲಿಲ್ಲ. ಆಯಾಳಿಗೆ ಫೋನು ಮಾಡಿ, ಹಾರವಾಡಕ್ಕೆ ಬಾ, ನಾನು ಏನು ಹೇಳಿದರೂ ಒಪ್ಪಬೇಡ, ಚೌಕಾಶಿ ಮಾಡು ಎಂದೆ.

ನಾವು ಹೋದಾಗ ಅಕ್ಕ ಮರಳಿನ ಮೇಲೆ ಕೂತು ತಾರ್ಲೆ ಮೀನು ಒಣಗಿಸುತ್ತಿದ್ದಳು. ನನ್ನನ್ನು ಕಂಡು ಮರಳಿಗೆ ಉಗುಳಿದಳು. ಭಾವನ ಮಗ ಬಲೆ ಬಿಚ್ಚುತ್ತಿದ್ದವನು ಎದ್ದು ಹತ್ತಿರ ಬಂದ.

"ಅಕ್ಕಾ, ಆ ಮನೆಯಲ್ಲಿ ಪುಕ್ಕಟೆ ಉಣ್ಣಬೇಡಿ" ಎಂದೆ.

"ಉಣ್ಣೂದಿಲ್ಲ ಅಂತ್ಲೇ ಹೇಳ್ದೆ ಅಲ್ಲಾ."

"ಮಾರಿ. ನೀವು ಮೀನು ಹಾಕಿ, ಅವರು ಅನ್ನ ಹಾಕಲಿ. ಮೂವತ್ತು ವರ್ಷ ಮಾಸ್ತರರ ಮನೆಗೆ ಮೀನು ಹಾಕಿ ಅಕ್ಕಿ ತಂದಿರಲ್ಲ, ಅದು ದಾನವಾ?"

ಅವಳ ಕೈ ನಿಂತಿತು. ಆಮೇಲೆ ನನ್ನನ್ನು ಬಿಟ್ಟು ಆಯಾಳ ಕಡೆ ತಿರುಗಿದಳು. "ಹತ್ತು ತಾರ್ಲೆಗೆ ಎರಡು ಹೊತ್ತು ಊಟ. ಕೊಡ್ತ್ಯಾ?"

"ಹತ್ತು ತಾರ್ಲೆಗೆ ಎರಡು ಹೊತ್ತಾ?" ಎಂದಳು ಆಯಾ. "ಒಂದು ಹೊತ್ತು. ಅದೂ ಸಣ್ಣ ತಾರ್ಲೆ ಆದ್ರೆ ಬೇಡ, ದೊಡ್ಡವ್ವಿ."

"ಈ ದರದಲ್ಲಿ ಯಾರು ಕೊಡ್ತ್ರು ನಿಂಗೆ? ಬಂಗಡೆ ಆದ್ರೆ ನಾಲ್ಕಕ್ಕೆ ಎರಡು ಹೊತ್ತು."

"ಆರು."

"ಐದು. ಮಲಗೂಕೆ ಒಳಗೆ ಜಾಗೆ. ಜಗಲಿ ಆದ್ರೆ ಬೇಡ."

ಆಯಾಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಮುಖ ಗಂಟಿಕ್ಕಿಕೊಂಡೇ ನಿಂತಿದ್ದಳು. ಒಂದು ಬಂಗಡೆ ಸುಮ್ಮನೆ ಬಿಟ್ಟುಕೊಟ್ಟಿದ್ದರೂ ಅಕ್ಕನಿಗೆ ಕರುಣೆಯ ವಾಸನೆ ಬಡಿಯುತ್ತಿತ್ತು. "ಐದು, ಮತ್ತೆ ಅಮಾಸೆ ಹುಣ್ಣಿಮೆಗೆ ಒಂದು ಹೆಚ್ಚಿಗೆ" ಎಂದಳು. ಅಕ್ಕ ಹಾಂ ಎಂದಳು. ವ್ಯಾಪಾರ ಕುದುರಿತು.

"ಅಲ್ಲಿ ದುಡ್ಕಂಡು ಉಣ್ಣೂದು ಎಂತಕೆ, ಚಿಕ್ಕಿ? ನಮ್ಮಲ್ಲಿ ಪುಕ್ಕಟೆ ಉಣ್ತ್ಯಲ್ಲಾ?" ಎಂದ ಭಾವನ ಮಗ.

ಅಕ್ಕ ಚಾಪೆ ಸುತ್ತುತ್ತ, "ನಿಂದು ಪುಕ್ಕಟೆ ಅಲ್ಲ, ಮಗಾ. ಅದ್ರ ದರ ನಂಗೆ ಗೊತ್ತದೆ" ಎಂದಳು.

ಅಂದು ಸಂಜೆ ಅವರ್ಸೆಯ ಮನೆಯ ಹಿಂಬಾಗಿಲಲ್ಲಿ ಐದು ಬಂಗಡೆ ಎಣಿಸಿಟ್ಟು ಒಳಗೆ ಹೋಗಿ ಉಂಡಳಂತೆ. ಬೀದಿಗೆ ಬಿದ್ದಿದ್ದಾಳೆ ಎನ್ನುವ ಆಧಾರವೇ ಹೋದ ಮೇಲೆ ನೋಟಿಸು ಕೊಟ್ಟ ವಕೀಲರೂ ಸುಮ್ಮನಾದರು. ಮಾಸ್ತರರು ನನ್ನೊಡನೆ ಮಾತು ಬಿಟ್ಟರು, ಆದರೆ ಟ್ರಸ್ಟಿಯ ಕೆಲಸ ಬಿಡಲಿಲ್ಲ. ಬಾಡಿಗೆ ವಸೂಲಿ ಮಾಡಿ, ಆಯಾ ನರ್ಸಿಂಗ್ ಹೋಮಿನ ಕೆಲಸ ಬಿಟ್ಟು ಮನೆಯಲ್ಲೇ ನಿಲ್ಲುವಂತೆ ಅವಳಿಗೆ ತಿಂಗಳ ಸಂಬಳ ಗೊತ್ತುಮಾಡಿದರು.

ಕಾಯಿಲೆ ತನ್ನ ಪಾಡಿಗೆ ಬೆಳೆಯಿತು. ಬುಟ್ಟಿ ಹೊತ್ತು ಊರು ತಿರುಗುವುದು ನಿಂತಿತು. ಆಯಾ ಬೆಳಿಗ್ಗೆ ತಾನೇ ಮೀನು ಕೊಂಡು ತಂದು ಅವಳ ಬುಟ್ಟಿಯಲ್ಲಿಡುವಳು. ಅಕ್ಕ ಅದನ್ನು ಹಿಂಬಾಗಿಲಿಗೆ ಒಯ್ದು ಅವಳಿಗೇ ಮಾರುವಳು, ಜಗಳಾಡಿ. ಮೀನುಗಾರಿಕೆ ನಿಲ್ಲುವ ಮಳೆಗಾಲದಲ್ಲಿ ಒಣಮೀನು ನಡೆಯುತ್ತಿತ್ತು.

ಭಾವನ ಮಗ ಮತ್ತೆ ಚಹಾಕ್ಕೆ ಬರಲು ಶುರುಮಾಡಿದ್ದ. ಒಂದು ದಿನ ಆಯಾ ಕೂಸಿಗೆ ಲಸಿಕೆ ಹಾಕಿಸಲು ಹೋದಾಗ ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡ. ಪೂರ್ತಿ ಮನೆ, ಅಂಗಡಿ ಸಹಿತ, ಮಾರಾಟದ ಕರಾರು. ಅವಳು ನಗುತ್ತ ಒತ್ತಿದಳಂತೆ, ಕೇಳಿದ್ದಕ್ಕಿಂತ ಎರಡು ಹೆಚ್ಚೇ ಒತ್ತಿದಳಂತೆ. ಅವನು ಅದನ್ನು ಹಿಡಿದುಕೊಂಡು ಬೋಟಿನ ಸಾಲಕ್ಕೆ ಓಡಾಡಿದ. ಎಲ್ಲ ಕಡೆಯೂ ಆಸ್ತಿಯ ಋಣಭಾರ ತೋರಿಸುವ ಇ.ಸಿ. ತೆಗೆಸಿ ನೋಡಿದರು. ಅಕ್ಕನ ಹೆಸರಿನಲ್ಲಿ ಮಾರಲು ಒಂದು ಹೆಂಚೂ ಇರಲಿಲ್ಲ. ಕಚೇರಿಗೆ ಬಂದು ನನ್ನ ಮೇಲೆ ಕೂಗಾಡಿದ. ನಾನು ಫ್ಯಾನಿನ ವೇಗ ಹೆಚ್ಚು ಮಾಡಿ, ಅವನ ಕೂಗು ಮುಗಿಯುವತನಕ ಕೂತಿದ್ದೆ. ಅಷ್ಟು ಸುಖವಾಗಿ ನಾನು ಬೈಗುಳ ಕೇಳಿದ್ದು ಅದೊಂದೇ ಸಲ.

ಅಕ್ಕನನ್ನು ನಾನು ಕೊನೆಯ ಸಲ ಕಂಡದ್ದು ಅದಾದ ಮರುವರ್ಷ. ಅಂಕೋಲೆಯ ಕೋರ್ಟಿಗೆ ಹೋದವಳು ಬರುವಾಗ ಅವರ್ಸೆಯಲ್ಲಿಳಿದೆ. ಹಿಂಬಾಗಿಲ ಮೆಟ್ಟಿಲಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಸೀರೆ ಒಗೆದದ್ದು, ತಲೆ ಬಾಚಿ ತುರುಬು ಕಟ್ಟಿದ್ದು. ನನ್ನ ಗುರುತು ಹತ್ತಲಿಲ್ಲ. ಹತ್ತಿರ ಕೂತೆ.

"ನಿಂಗೆ ಮನೆ ಅದ್ಯಾ?" ಎಂದು ಕೇಳಿದಳು.

"ಇದೆ."

"ಕಾರವಾರದಲ್ಲಿ ಒಂದು ವಕೀಲಿತಿ ಅದೆ. ಅದ್ರ ಹತ್ರ ಹೋಗ್ಬೇಡ. ನನ್ನ ಮನೆ ತಿಂದು ನೀರು ಕುಡ್ದದೆ."

ಒಳಗಿದ್ದ ಆಯಾ ನಾಚಿಕೆಯಿಂದ ಹೊರಗೆ ಬಂದಳು. ನಾನು ಬೇಡ ಎಂದು ಕೈ ಮಾಡಿದೆ. ಅವಳ ಮಾತು ನನಗೆ ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನಿರಲಾಗದೆ, "ಮತ್ತೆ ಇದು ಯಾರ ಮನೆ?" ಎಂದು ಕೇಳಿದೆ.

"ಯಾರದ್ದೋ. ವ್ಯಾಪಾರದಲ್ಲಿ ಭಾರೀ ಕಟುಕರು. ಆದ್ರೆ ಒಳಗೆ ಮಲಗೂಕೆ ಬಿಡ್ತ್ರು" ಎಂದಳು. ಆಮೇಲೆ ನನ್ನ ಮುಖ, ಕರಿ ಕೋಟು, ಬೆವರು ಎಲ್ಲ ನೋಡಿ, "ನೀನು ಉಂಡದ್ಯಾ?" ಎಂದಳು.

ಇಲ್ಲ ಎಂದೆ. ಅಕ್ಕ ಬುಟ್ಟಿಗೆ ಕೈ ಹಾಕಿ, ತಡಕಾಡಿ, ಇದ್ದುದರಲ್ಲಿ ದೊಡ್ಡ ಬಂಗಡೆ ಎರಡನ್ನು ಆರಿಸಿ ಆಯಾಳ ಮುಂದೆ ಮೆಟ್ಟಿಲ ಮೇಲಿಟ್ಟಳು.

"ಇದ್ಕೂ ಒಂದು ಎಲೆ ಹಾಕು" ಎಂದಳು, ನನ್ನ ಕಡೆ ಬೆರಳು ಮಾಡಿ. "ಇದ್ರದ್ದು ನಾ ಕೊಟ್ಟೆ."